ಟೆಂಟು ಸ್ಟೇಡಿಯಂ ಪಕ್ಕ, ಊರು ನಡಿಗೆ ದೂರ: ಗೆಳೆಯರ ಜೊತೆ ವ್ರೊತ್ಸ್ವಾಫ್ ಸುತ್ತುವ ಬಗೆ

ಪೋಲೆಂಡಿನಲ್ಲಿ ಕ್ಯಾಂಪಿಂಗ್ ಅಂದ ಕೂಡಲೇ ಎಲ್ಲರೂ ತತ್ರಾ ಬೆಟ್ಟದ ಹೆಸರು ಹೇಳುತ್ತಾರೆ, ಇಲ್ಲವೇ ಉತ್ತರದ ಮಜೂರಿ ಕೆರೆಗಳದ್ದು. ಎರಡೂ ಚೆನ್ನಾಗಿವೆ, ಬೇಡ ಅನ್ನುವುದಿಲ್ಲ. ಆದರೆ ಗೆಳೆಯರ ಗುಂಪು ಅಂದಮೇಲೆ ಒಬ್ಬರಿಗೆ ಟೆಂಟು ಬೇಕು, ಇನ್ನೊಬ್ಬರಿಗೆ ಊರು ನೋಡಬೇಕು, ಮತ್ತೊಬ್ಬರಿಗೆ ಮಧ್ಯಾಹ್ನ ಒಂದು ನಿದ್ದೆ ಆಗಲೇಬೇಕು. ಇವರೆಲ್ಲರನ್ನೂ ಒಪ್ಪಿಸುವ ಜಾಗ ನನ್ನ ಲೆಕ್ಕದಲ್ಲಿ ವ್ರೊತ್ಸ್ವಾಫ್.

ದೇಶದ ನೈರುತ್ಯ ಮೂಲೆಯ ದೊಡ್ಡ ಊರಿದು. ಓಡ್ರಾ ನದಿ ಇಲ್ಲಿ ಕವಲು ಕವಲಾಗಿ ಹರಿಯುತ್ತದೆ. ಹಾಗಾಗಿ ನಡುಗಡ್ಡೆಗಳೂ ಜಾಸ್ತಿ, ಸೇತುವೆಗಳೂ ಜಾಸ್ತಿ. ಊರಿನ ಪೂರ್ವಕ್ಕೆ ಒಲಿಂಪಿಕ್ ಸ್ಟೇಡಿಯಂ ಇದೆ. ಒಲಿಂಪಿಕ್ಸ್ ಇಲ್ಲಿ ಯಾವತ್ತೂ ನಡೆದಿಲ್ಲ, ಹೆಸರು ಮಾತ್ರ. ಅದರ ಪಕ್ಕದಲ್ಲೇ, ಪದೆರೆಫ್ಸ್ಕಿ ರಸ್ತೆಯಲ್ಲಿ, ಕ್ಯಾಂಪಿಂಗ್ ಜಾಗವಿದೆ. ಅಲ್ಲಿಂದ ಊರ ನಡುವಿನ ಚೌಕಕ್ಕೆ ಐದಾರು ಕಿಲೋಮೀಟರ್. ನೋಡಲೇಬೇಕಾದ್ದರಲ್ಲಿ ಮುಕ್ಕಾಲು ಪಾಲು ಈ ದಾರಿಯಲ್ಲೇ ಸಿಗುತ್ತದೆ. ಆದ್ದರಿಂದ ಇಡೀ ಪ್ಲಾನು ಇಷ್ಟೇ: ಊರಿಗೆ ಹೋಗುವಾಗ ನಡೆಯುವುದು, ವಾಪಸ್ ಬರುವಾಗ ಟ್ರಾಮ್ ಹತ್ತುವುದು.

1. ದಿನ ಗೊತ್ತು ಮಾಡಿ

ಮೇ ಕೊನೆಯಿಂದ ಸೆಪ್ಟೆಂಬರ್ ಮೊದಲ ವಾರಗಳವರೆಗೆ ಟೆಂಟಿಗೆ ಸರಿಯಾದ ಕಾಲ. ಜೂನ್ ನನಗೆ ಹೆಚ್ಚು ಇಷ್ಟ. ಸ್ಟ್ರಾಬೆರಿ ಕಾಲ, ಜೊತೆಗೆ ರಾತ್ರಿ 9 ದಾಟಿದ ಮೇಲೂ ಬೆಳಕಿರುತ್ತದೆ. ಬೆಳಗ್ಗೆ 5ಕ್ಕೆ ಮೊದಲೇ ಸೂರ್ಯ ಟೆಂಟಿನ ಮೇಲೆ ಬಂದಿರುತ್ತಾನೆ, ಅದೊಂದು ಕಾಟ. ನಿದ್ದೆ ಮುಖ್ಯ ಅನ್ನುವವರು ಕಣ್ಣಿಗೆ ಕಟ್ಟಿಕೊಳ್ಳುವ ಪಟ್ಟಿ ತನ್ನಿ.

ಗುರುವಾರ ಸಂಜೆ ತಲುಪಿ ಭಾನುವಾರ ಹೊರಡುವುದು ಒಳ್ಳೆಯದು. ಕಾರಣ ಇದೆ. ಪೋಲೆಂಡಿನಲ್ಲಿ 2018ರಿಂದ ಭಾನುವಾರದ ವ್ಯಾಪಾರಕ್ಕೆ ಕಡಿವಾಣ ಹಾಕಿದ್ದಾರೆ. ವರ್ಷದ ಕೆಲವೇ ಭಾನುವಾರ ಬಿಟ್ಟರೆ ಸೂಪರ್ ಮಾರ್ಕೆಟ್‌ಗಳು ಬಾಗಿಲು ತೆರೆಯುವುದಿಲ್ಲ. ಹಸಿರು ಬೋರ್ಡಿನ ಝಾಪ್ಕಾ ಅನ್ನುವ ಚಿಕ್ಕ ಅಂಗಡಿಗಳು ಸಾಮಾನ್ಯವಾಗಿ ತೆರೆದಿರುತ್ತವೆ. ಅಲ್ಲಿ ಹಾಲು, ಬ್ರೆಡ್ಡು ಸಿಗುತ್ತದೆ. ಆರು ಜನರ ಅಡುಗೆಗೆ ಬೇಕಾದ ತರಕಾರಿ ಸಿಗುತ್ತದೆ ಅಂತ ನಂಬಿಕೊಳ್ಳಬೇಡಿ.

ಇನ್ನೊಂದು ವಿಷಯ. ಈ ಸ್ಟೇಡಿಯಂನಲ್ಲಿ ನಡೆಯುವುದು ಸ್ಪೀಡ್‌ವೇ, ಅಂದರೆ ಬ್ರೇಕ್ ಇಲ್ಲದ ಬೈಕುಗಳ ರೇಸು. ಬೇಸಿಗೆಯೇ ಅದರ ಸೀಸನ್. ರೇಸಿನ ದಿನ ಕ್ಯಾಂಪಿಂಗ್‌ವರೆಗೂ ಎಂಜಿನ್ ಸದ್ದು ಕೇಳುತ್ತದೆ, ಟ್ರಾಮ್ ತುಂಬಿ ತುಳುಕುತ್ತದೆ. ವ್ರೊತ್ಸ್ವಾಫ್‌ನವರಿಗೆ ಈ ಆಟದ ಹುಚ್ಚು, ನಮ್ಮೂರಿನ ಕ್ರಿಕೆಟ್ ಹುಚ್ಚಿಗೆ ಏನೂ ಕಡಿಮೆಯಿಲ್ಲ. ಬುಕ್ ಮಾಡುವ ಮೊದಲು ರೇಸಿನ ದಿನ ನೋಡಿಕೊಳ್ಳಿ. ಒಂದೋ ಆ ದಿನ ಬಿಡಿ, ಇಲ್ಲವೇ ಟಿಕೆಟ್ ತೆಗೆದುಕೊಂಡು ನೀವೂ ಒಳಗೆ ಹೋಗಿ. ನಾನಾಗಿದ್ದರೆ ಹೋಗುತ್ತೇನೆ.

ದುಡ್ಡು ಉಳಿಸಲು ನದಿ ದಂಡೆಯಲ್ಲೋ ಪಾರ್ಕಿನಲ್ಲೋ ಸುಮ್ನೆ ಟೆಂಟು ಹಾಕಿಬಿಡೋಣ ಅನ್ನುವ ಗೆಳೆಯ ಪ್ರತಿ ಗುಂಪಿನಲ್ಲೂ ಒಬ್ಬ ಇರುತ್ತಾನೆ. ಊರೊಳಗೆ ಅದಕ್ಕೆ ಅವಕಾಶವಿಲ್ಲ, ದಂಡ ಬೀಳುತ್ತದೆ. ಕಾಡೇ ಬೇಕು ಅನ್ನುವವರಿಗೆ ಬೇರೆ ದಾರಿ ಇದೆ. ಅಲ್ಲಿನ ಸರ್ಕಾರಿ ಅರಣ್ಯ ಇಲಾಖೆ 2021ರಿಂದ ಕಾಡಿನ ಕೆಲವು ಭಾಗಗಳನ್ನು ಗುರುತು ಮಾಡಿ ರಾತ್ರಿ ತಂಗಲು ಬಿಟ್ಟಿದೆ. ಒಂಬತ್ತು ಜನರವರೆಗಿನ ಗುಂಪು ಎರಡು ರಾತ್ರಿ ಇರಬಹುದು, ಮೊದಲೇ ಹೇಳಬೇಕಾಗಿಲ್ಲ. ಬೆಂಕಿ ಹಾಕುವುದು ಮಾತ್ರ ಅವರು ತೋರಿಸಿದ ಜಾಗದಲ್ಲೇ. ಊರು ನೋಡಲು ಬಂದವರಿಗೆ ಅದು ದೂರವಾಯಿತು, ಇನ್ನೊಂದು ಸಲಕ್ಕೆ ಇಟ್ಟುಕೊಳ್ಳಿ.

2. ಸಾಮಾನು ಹಂಚಿಕೊಳ್ಳಿ

ಟೆಂಟು, ಒಲೆ, ಪಾತ್ರೆ, ಔಷಧಿ ಇವನ್ನು ಒಬ್ಬೊಬ್ಬರ ತಲೆಗೆ ಒಂದೊಂದು ಕಟ್ಟಿ. "ಯಾರಾದ್ರೂ ತರ್ತಾರೆ ಬಿಡು" ಅಂದುಕೊಂಡರೆ ಮೂರು ಸ್ಪೀಕರ್ ಬರುತ್ತವೆ, ಚಾಕು ಒಂದೂ ಬರುವುದಿಲ್ಲ. ಖರ್ಚಿನ ಲೆಕ್ಕಕ್ಕೆ ಫೋನಿನಲ್ಲಿ ಒಂದು ಆ್ಯಪ್ ಹಾಕಿಕೊಂಡು ಅಲ್ಲಿಂದಲ್ಲಿಗೆ ಬರೆದುಬಿಡಿ.

ಬೇಸಿಗೆಯಲ್ಲೂ ರಾತ್ರಿ ಚಳಿ ಇರುತ್ತದೆ. ಮೇ ಮತ್ತು ಸೆಪ್ಟೆಂಬರ್‌ನಲ್ಲಿ 10 ಡಿಗ್ರಿಗಿಂತ ಕೆಳಗೂ ಇಳಿಯುತ್ತದೆ. ಬೆಂಗಳೂರಿನ ಡಿಸೆಂಬರ್ ಸ್ವೆಟರ್ ಒಂದೇ ಸಾಲದು. ಚಳಿ ಮೇಲಿನಿಂದ ಬರುವುದಕ್ಕಿಂತ ನೆಲದಿಂದ ಜಾಸ್ತಿ ಬರುತ್ತದೆ. ಹೊದೆಯುವುದಕ್ಕೆ ಖರ್ಚು ಮಾಡುವ ಮೊದಲು ಕೆಳಗೆ ಹಾಸುವ ಮ್ಯಾಟಿಗೆ ಖರ್ಚು ಮಾಡಿ.

ಓಡ್ರಾ ದಂಡೆಯ ಸೊಳ್ಳೆಗಳ ಬಗ್ಗೆ ಊರಿನವರೇ ಗೊಣಗುತ್ತಾರೆ. ಸೊಳ್ಳೆ ಔಷಧಿ ಅಲ್ಲೇ ಕೊಳ್ಳಿ, ಎಲ್ಲ ಅಂಗಡಿಯಲ್ಲೂ ಇದೆ. ಸೊಳ್ಳೆಗಿಂತ ಹೆಚ್ಚು ಗಮನ ಕೊಡಬೇಕಾದ್ದು ಉಣ್ಣಿಗೆ. ಹುಲ್ಲಿನಲ್ಲಿ ಕೂತು ಬಂದ ದಿನ ಮಲಗುವ ಮೊದಲು ಮಂಡಿಯ ಹಿಂದೆ, ಕಂಕುಳು, ಸೊಂಟದ ಸುತ್ತ ನೋಡಿಕೊಳ್ಳಿ. ಕಚ್ಚಿಕೊಂಡಿದ್ದರೆ ಚಿಮಟದಲ್ಲಿ ಚರ್ಮಕ್ಕೆ ಹತ್ತಿರ ಹಿಡಿದು ನೇರವಾಗಿ ಎಳೆಯಿರಿ. ಎಣ್ಣೆ ಹಚ್ಚುವುದು, ಸುಡುವುದು ಬೇಡ. ಮುಂದಿನ ವಾರಗಳಲ್ಲಿ ಆ ಜಾಗದ ಸುತ್ತ ಕೆಂಪು ಉಂಗುರ ಕಂಡರೆ ಡಾಕ್ಟರ ಹತ್ತಿರ ಹೋಗಿ.

ಒಲೆಯ ಗ್ಯಾಸ್ ಡಬ್ಬಿಯನ್ನು ವಿಮಾನದಲ್ಲಿ ತರುವಂತಿಲ್ಲ, ಚೆಕ್-ಇನ್ ಬ್ಯಾಗಿನಲ್ಲೂ ಇಲ್ಲ. ಒಲೆ ತನ್ನಿ, ಡಬ್ಬಿಯನ್ನು ಅಲ್ಲಿ ಡೆಕಾಥ್ಲಾನ್‌ನಂಥ ಅಂಗಡಿಯಲ್ಲಿ ಕೊಳ್ಳಿ. ನಿಮ್ಮ ಒಲೆ ತಿರುಪು ಡಬ್ಬಿಯದೋ ಚುಚ್ಚುವ ಡಬ್ಬಿಯದೋ ಅಂತ ನೋಡಿಕೊಂಡು ಹೋಗಿ.

ಭಾರತದಿಂದ ಬರುವವರಿಗೆ ಷೆಂಗೆನ್ ವೀಸಾ ಬೇಕು. ಜರ್ಮನಿ, ನೆದರ್ಲೆಂಡ್ಸ್ ಕಡೆ ಕೆಲಸದಲ್ಲಿರುವವರಿಗೆ ಅಲ್ಲಿನ ರೆಸಿಡೆನ್ಸ್ ಕಾರ್ಡು ಸಾಕು, ಆದರೆ ಪಾಸ್‌ಪೋರ್ಟ್ ಜೊತೆಯಲ್ಲೇ ಇರಲಿ. ರೈಲು, ಬಸ್ಸಿನಲ್ಲಿ ಗಡಿ ದಾಟುವಾಗ ಕೇಳುವುದುಂಟು.

3. ತಲುಪಿ, ಟೆಂಟು ಹಾಕಿ

ಏರ್‌ಪೋರ್ಟಿನಿಂದ 106ನೇ ನಂಬರಿನ ಬಸ್ಸು ಮುಖ್ಯ ರೈಲು ನಿಲ್ದಾಣಕ್ಕೆ ಬರುತ್ತದೆ. 1857ರ ಕಟ್ಟಡ, ಕೋಟೆಯ ಹಾಗೆ ಬುರುಜುಗಳಿವೆ, ಬಣ್ಣ ಕಿತ್ತಳೆ. ಅಲ್ಲಿಂದ ಸ್ಟೇಡಿಯಂ ಕಡೆಗೆ ಟ್ರಾಮ್. ಟಿಕೆಟನ್ನು ಟ್ರಾಮಿನೊಳಗಿನ ಮೆಷಿನ್ನಿನಲ್ಲೇ ಬ್ಯಾಂಕ್ ಕಾರ್ಡು ತೋರಿಸಿ ಕೊಳ್ಳಬಹುದು. ಕಾಗದ ಏನೂ ಬರುವುದಿಲ್ಲ, ಟಿಕೆಟ್ ಆ ಕಾರ್ಡಿಗೇ ಅಂಟಿಕೊಂಡಿರುತ್ತದೆ. ಚೆಕ್ಕಿಂಗ್‌ನವರು ಬಂದರೆ ಅದೇ ಕಾರ್ಡು ತೋರಿಸಬೇಕು. ಎಲ್ಲರಿಗೂ ಒಬ್ಬರೇ ಕೊಂಡಿದ್ದರೆ ಎಲ್ಲರೂ ಒಟ್ಟಿಗೇ ಇರಬೇಕು, ಅದಕ್ಕೇ ಅವರವರ ಕಾರ್ಡಿನಲ್ಲಿ ಅವರವರು ಕೊಳ್ಳುವುದು ಕ್ಷೇಮ. ಒಂದು ದಿನಕ್ಕೆ ಎರಡಕ್ಕಿಂತ ಹೆಚ್ಚು ಸಲ ಹತ್ತುವ ಅಂದಾಜಿದ್ದರೆ 24 ಗಂಟೆಯ ಟಿಕೆಟ್ಟಿನ ಬೆಲೆಯನ್ನೂ ಹೋಲಿಸಿ ನೋಡಿ.

ಕ್ಯಾಂಪಿಂಗ್‌ನಲ್ಲಿ ತಲೆಗೆ ಇಷ್ಟು, ಟೆಂಟಿಗೆ ಇಷ್ಟು, ಕಾರಿಗೆ ಇಷ್ಟು, ಕರೆಂಟಿಗೆ ಇಷ್ಟು ಅಂತ ಬಿಡಿಬಿಡಿಯಾಗಿ ಲೆಕ್ಕ ಹಾಕುತ್ತಾರೆ. ಹಾಗಾಗಿ ಮೂರು ಚಿಕ್ಕ ಟೆಂಟಿಗಿಂತ ಒಂದು ದೊಡ್ಡ ಟೆಂಟು ಅಗ್ಗ. ಆದರೆ ಗೊರಕೆ ಹೊಡೆಯುವವರಿದ್ದರೆ ಆ ಉಳಿತಾಯ ಬೇಡ. ಟೆಂಟಿನ ಜಾಗ ಆರಿಸುವಾಗ ನೆಲ ನೋಡಿ. ಹುಲ್ಲು ತೀರಾ ಹಸಿರಾಗಿ, ಸ್ವಲ್ಪ ತಗ್ಗಾಗಿರುವ ಕಡೆ ಮಳೆ ನೀರು ನಿಲ್ಲುತ್ತದೆ. ಮರದ ನೆರಳು ಮಧ್ಯಾಹ್ನಕ್ಕೆ ಬೇಕು, ಒಣಕೊಂಬೆಯ ಕೆಳಗೆ ಬೇಡ. ಜುಲೈ-ಆಗಸ್ಟ್‌ನಲ್ಲಿ ಇದ್ದಕ್ಕಿದ್ದ ಹಾಗೆ ಗುಡುಗು ಗಾಳಿ ಏಳುತ್ತದೆ, ಆಕಾಶ ತಿಳಿಯಾಗಿದ್ದರೂ ಎಲ್ಲ ಗೂಟಕ್ಕೂ ಹಗ್ಗ ಕಟ್ಟಿಯೇ ಹೊರಡಿ.

ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಸದ್ದು ಮಾಡುವಂತಿಲ್ಲ. ಇದನ್ನು ಅಲ್ಲಿಯವರು ನಿಜವಾಗಿಯೂ ಪಾಲಿಸುತ್ತಾರೆ. ಅಂತ್ಯಾಕ್ಷರಿ 9:45ಕ್ಕೆ ಮುಗಿಯಲಿ.

4. ಊಟದ ವ್ಯವಸ್ಥೆ

ಬೆಳಗ್ಗೆ ಮತ್ತು ರಾತ್ರಿ ಟೆಂಟಿನ ಹತ್ತಿರ, ಮಧ್ಯಾಹ್ನ ಊರಲ್ಲಿ. ಈ ಪದ್ಧತಿ ಚೆನ್ನಾಗಿ ನಡೆಯುತ್ತದೆ.

ಪೋಲಿಷ್ ಅಂಗಡಿಯಲ್ಲಿ ಅಕ್ಕಿ ಸಾಮಾನ್ಯವಾಗಿ 100 ಗ್ರಾಂನ ತೂತುತೂತು ಪ್ಲಾಸ್ಟಿಕ್ ಚೀಲಗಳಲ್ಲಿ ಬರುತ್ತದೆ, ಒಂದು ಪೆಟ್ಟಿಗೆಯಲ್ಲಿ ನಾಲ್ಕು. ಮನೆಯಲ್ಲಾದರೆ ನಾವು ಮೂಗು ಮುರಿಯುತ್ತೇವೆ. ಟೆಂಟಿನಲ್ಲಿ ಇದಕ್ಕಿಂತ ಒಳ್ಳೆಯದು ಇನ್ನೊಂದಿಲ್ಲ. ಕುದಿಯುವ ನೀರಿಗೆ ಚೀಲ ಬಿಡುವುದು, ಪೆಟ್ಟಿಗೆಯ ಮೇಲೆ ಬರೆದಷ್ಟು ನಿಮಿಷ ಬಿಟ್ಟು ಫೋರ್ಕಿನಲ್ಲಿ ಕಿವಿ ಹಿಡಿದು ಎತ್ತುವುದು, ನೀರು ಸೋರಿದ ಮೇಲೆ ಕತ್ತರಿಸಿ ಸುರಿಯುವುದು. ಪಾತ್ರೆ ತಳ ಹಿಡಿಯುವುದಿಲ್ಲ, ತೊಳೆಯುವ ಕೆಲಸವೂ ಇಲ್ಲ. ಮೊಸರನ್ನಕ್ಕೆ ಎರಡು ನಿಮಿಷ ಜಾಸ್ತಿ ಬೇಯಿಸಿ, ಮೆತ್ತಗಾಗಲಿ. ಮೊಸರಿಗೆ "ಯೋಗುರ್ಟ್ ನಾತುರಾಲ್ನಿ" ಅಂತ ಬರೆದ ಡಬ್ಬಿ. ಅದರ ಪಕ್ಕದಲ್ಲೇ "ಮಶ್ಲಾಂಕಾ" ಇರುತ್ತದೆ, ಅದು ಮಜ್ಜಿಗೆಯೇ. ಉಪ್ಪು, ಶುಂಠಿ ಹಾಕಿದರೆ ಮಧ್ಯಾಹ್ನದ ಬಿಸಿಲಿಗೆ ಬೇರೇನೂ ಬೇಡ. "ಮಾಸ್ವೊ ಕ್ಲಾರೋವಾನೆ" ಅಂದರೆ ತುಪ್ಪ. ಒಗ್ಗರಣೆಗೆ ಸಾಸಿವೆ, ಒಣಗಿಸಿದ ಕರಿಬೇವು, ಇಂಗು ನೀವು ಒಯ್ದಿರಬೇಕು.

ಊರಿಂದ ಚಟ್ನಿಪುಡಿ, ಪುಳಿಯೋಗರೆ ಗೊಜ್ಜು, ಅವಲಕ್ಕಿ ತರಲು ಅಡ್ಡಿಯಿಲ್ಲ. ತುಪ್ಪ, ಹಾಲಿನ ಸಿಹಿ, ಮಾಂಸದ ಪದಾರ್ಥಗಳನ್ನು ಮಾತ್ರ ಹೊರಗಿನಿಂದ ಐರೋಪ್ಯ ಒಕ್ಕೂಟದೊಳಗೆ ತರುವಂತಿಲ್ಲ. ಅಮ್ಮ ಕೊಟ್ಟ ಮೈಸೂರು ಪಾಕನ್ನು ವಿಮಾನದಲ್ಲೇ ಮುಗಿಸಿ.

ಮಧ್ಯಾಹ್ನಕ್ಕೆ ಬಾರ್ ಮ್ಲೆಚ್ನಿ ಹುಡುಕಿ. ಹೆಸರಿನಲ್ಲಿ ಬಾರ್ ಇದ್ದರೂ ಇದು ಅಗ್ಗದ ಊಟದ ಮನೆ, ಕಮ್ಯುನಿಸ್ಟ್ ಕಾಲದಲ್ಲಿ ಊರೂರಿಗೂ ಹಬ್ಬಿದ್ದು. ವಿಶ್ವವಿದ್ಯಾಲಯದ ಹತ್ತಿರ ಕುಜ್ನಿಚಾ ರಸ್ತೆಯಲ್ಲಿರುವ "ಮಿಶ್" ಇಲ್ಲಿ ಹೆಸರುವಾಸಿ. ಕೌಂಟರಿನಲ್ಲಿ ಹೇಳಿ, ದುಡ್ಡು ಕೊಟ್ಟು, ಕಿಟಕಿಯಲ್ಲಿ ತಟ್ಟೆ ತೆಗೆದುಕೊಳ್ಳಬೇಕು. ತಿಂದ ತಟ್ಟೆ ನಾವೇ ವಾಪಸ್ ಇಡಬೇಕು. ನಮ್ಮ ದರ್ಶಿನಿ ಕಂಡವರಿಗೆ ಹೊಸದೇನಲ್ಲ. ಸಸ್ಯಾಹಾರಿಗಳಿಗೆ ಆಲೂಗಡ್ಡೆ ಮತ್ತು ಚೀಸ್ ತುಂಬಿದ, ಕಡುಬಿನಂಥ "ಪಿಯೆರೋಗಿ ರುಸ್ಕಿಯೆ" ಇದೆ, ಆಲೂಗಡ್ಡೆ ತುರಿದು ಕಾಯಿಸಿದ "ಪ್ಲಾತ್ಸ್ಕಿ" ಇದೆ. ಎಚ್ಚರ ಒಂದೇ: ಪಿಯೆರೋಗಿಯ ಮೇಲೆ ಹುರಿದ ಹಂದಿ ಕೊಬ್ಬಿನ ಚೂರು ಉದುರಿಸುವುದು ಅವರ ವಾಡಿಕೆ. "ಬೆಸ್ ಸ್ಕ್ವಾರೆಕ್" ಅಂದರೆ ಹಾಕುವುದಿಲ್ಲ. "ಬೆಜ್ ಮಿಯೆಂಸಾ" ಅಂದರೆ ಮಾಂಸ ಬೇಡ. ಸೂಪು ಕಣ್ಣಿಗೆ ಬರೀ ತರಕಾರಿ ಥರ ಕಂಡರೂ ಕೇಳಿಯೇ ಕುಡಿಯಿರಿ, ನೀರಿನ ಬದಲು ಮೂಳೆ ಸಾರು ಹಾಕಿರುತ್ತಾರೆ.

ನಲ್ಲಿ ನೀರು ಕುಡಿಯಬಹುದು. ಕೂಲ್‌ಡ್ರಿಂಕ್ ಬಾಟಲಿ, ಕ್ಯಾನ್ ಎಸೆಯಬೇಡಿ. 2025ರ ಅಕ್ಟೋಬರ್‌ನಿಂದ ಡಿಪಾಸಿಟ್ ಪದ್ಧತಿ ಬಂದಿದೆ. ಗುರುತು ಇರುವ ಪ್ಲಾಸ್ಟಿಕ್ ಬಾಟಲಿ, ಕ್ಯಾನಿಗೆ ಅರ್ಧ ಜ್ವೋತಿ (ಅಲ್ಲಿನ ನಾಣ್ಯ) ವಾಪಸ್ ಬರುತ್ತದೆ, ಜಜ್ಜದೆ ಇಡಬೇಕು.

5. ಟೆಂಟಿನಿಂದ ಚೌಕಕ್ಕೆ ನಡಿಗೆ

ಬೆಳಗ್ಗೆ 8ಕ್ಕೆ ಹೊರಟುಬಿಡಿ. ಸ್ಟೇಡಿಯಂನಿಂದ ಪಶ್ಚಿಮಕ್ಕೆ ಸಾಗಿದರೆ ಶ್ಚಿಟ್ನಿಟ್ಸ್ಕಿ ಪಾರ್ಕು. ದೊಡ್ಡ ದೊಡ್ಡ ಓಕ್ ಮರ, ಒಳಗೊಂದು ಹಳೆಯ ಮರದ ಚರ್ಚು. ಈ ಚರ್ಚನ್ನು 1913ರ ವಸ್ತುಪ್ರದರ್ಶನಕ್ಕೆಂದು ಬೇರೆ ಊರಿನಿಂದ ಬಿಚ್ಚಿ ತಂದು ಇಲ್ಲಿ ಜೋಡಿಸಿದರು. ಜಪಾನಿ ತೋಟವೂ ಅದೇ ವರ್ಷದ್ದು. ಪಾರ್ಕು ಮುಗಿಯುವಲ್ಲಿ ಸೆಂಟೆನಿಯಲ್ ಹಾಲ್, ಮಾಕ್ಸ್ ಬೆರ್ಗ್ ಅನ್ನುವ ವಾಸ್ತುಶಿಲ್ಪಿಯ ಕೆಲಸ. 65 ಮೀಟರ್ ಅಗಲದ ಕಾಂಕ್ರೀಟ್ ಗುಮ್ಮಟ. ಅಷ್ಟು ದೊಡ್ಡದನ್ನು ಕಾಂಕ್ರೀಟಿನಲ್ಲಿ ಅದುವರೆಗೆ ಯಾರೂ ಕಟ್ಟಿರಲಿಲ್ಲ. 2006ರಿಂದ ಯುನೆಸ್ಕೋ ಪಟ್ಟಿಯಲ್ಲಿದೆ. ಹೊರಗಿನಿಂದ ನೋಡಿದರೆ ಅಷ್ಟೇನೂ ಅನ್ನಿಸುವುದಿಲ್ಲ. ಒಳಗೆ ಹೋಗಿ ಕತ್ತೆತ್ತಿದಾಗಲೇ ಗೊತ್ತಾಗುವುದು.

ಇಲ್ಲೊಂದು ಮಾತು ತಿಳಿದಿರಬೇಕು. ಇದನ್ನೆಲ್ಲ ಕಟ್ಟಿದಾಗ ಈ ಊರು ಜರ್ಮನಿಯದು, ಹೆಸರು ಬ್ರೆಸ್ಲಾವ್. 1945ರ ಮೇ 6ರಂದು, ಮೂರು ತಿಂಗಳ ಮುತ್ತಿಗೆಯ ನಂತರ ಊರು ಶರಣಾಯಿತು. ಆಮೇಲೆ ಗಡಿ ಸರಿಯಿತು. ಜರ್ಮನರನ್ನು ಕಳಿಸಿದರು, ಪೂರ್ವದಲ್ಲಿ ಊರು ಕಳೆದುಕೊಂಡ ಪೋಲಿಷ್ ಜನ ಇಲ್ಲಿ ಬಂದು ಕೂತರು. ಅವರ ಜೊತೆಯಲ್ಲೇ ಅವರ ಚಿತ್ರವೂ ಬಂತು. ದಾರಿಯಲ್ಲಿ ಮುಂದೆ ಸಿಗುವ ರಾತ್ಸ್ವಾವಿತ್ಸೆ ಪನೋರಮಾ ಅದೇ. 15 ಮೀಟರ್ ಎತ್ತರ, 114 ಮೀಟರ್ ಉದ್ದದ ಒಂದೇ ಕ್ಯಾನ್ವಾಸು, ಸುತ್ತಲೂ ಗೋಡೆಯ ಹಾಗೆ. 1794ರಲ್ಲಿ ರಷ್ಯಾದ ಸೇನೆಯ ಮೇಲೆ ನಡೆದ ಯುದ್ಧದ ಚಿತ್ರ. ಲ್ವೂಫ್ ಊರಿನಲ್ಲಿ 1894ರಲ್ಲಿ ಬರೆದದ್ದು, ಇಂದು ಆ ಊರು ಉಕ್ರೇನಿನ ಲ್ವಿವ್. ಸೋವಿಯತ್ ಒಕ್ಕೂಟಕ್ಕೆ ಬೇಸರವಾದೀತೆಂದು ದಶಕಗಟ್ಟಲೆ ಸುತ್ತಿಟ್ಟಿದ್ದರು. ಜನ ನೋಡಲು ಸಿಕ್ಕಿದ್ದು 1985ರಲ್ಲಿ. ಒಳಗೆ ಗುಂಪುಗುಂಪಾಗಿ ಗೊತ್ತಾದ ಹೊತ್ತಿಗೇ ಬಿಡುತ್ತಾರೆ, ಹಿಂದಿನ ದಿನವೇ ಟಿಕೆಟ್ ತೆಗೆದಿಡಿ. ಚಿತ್ರದ ಮುಂದೆ ನಿಜವಾದ ಮಣ್ಣು, ಮುರಿದ ಗಾಡಿ, ಗಿಡ ಹಾಕಿದ್ದಾರೆ. ಮಣ್ಣು ಎಲ್ಲಿ ಮುಗಿಯಿತು, ಬಣ್ಣ ಎಲ್ಲಿ ಶುರುವಾಯಿತು ಅಂತ ಗೆಳೆಯರು ಪಂದ್ಯ ಕಟ್ಟಬಹುದು.

ಅಲ್ಲಿಂದ ಹಾಲಾ ತಾರ್ಗೋವಾ, 1908ರ ಮಾರ್ಕೆಟ್ಟು. ಹೊರಗೆ ಇಟ್ಟಿಗೆ, ಒಳಗೆ ಕಾಂಕ್ರೀಟ್ ಕಮಾನು. ತರಕಾರಿ, ಚೀಸು, ಉಪ್ಪಿನಕಾಯಿಯ ಸೌತೆ, ಹೂವು. ಇಲ್ಲಿ ಗ್ರಾಂ ಲೆಕ್ಕ ಹೇಳುವವರು ಕಡಿಮೆ. "ದೆಕಾ" ಅಂದರೆ 10 ಗ್ರಾಂ. 20 ದೆಕಾ ಚೀಸು ಅಂದರೆ 200 ಗ್ರಾಂ. ಸಂಜೆಯ ಅಡುಗೆಗೆ ಬೇಕಾದ್ದನ್ನು ಇಲ್ಲೇ ಕೊಂಡರೆ ಆಯಿತು. ಭಾನುವಾರ ಇದೂ ಮುಚ್ಚಿರುತ್ತದೆ.

ವಿಶ್ವವಿದ್ಯಾಲಯದ ಸೇತುವೆಯ ಹತ್ತಿರ ಪುಸ್ತಕಗಳನ್ನು ಎತ್ತಿಕೊಂಡು ಹೋಗುವ ಹೆಂಗಸಿನ ಪ್ರತಿಮೆಯಿದೆ. 1997ರ ಜುಲೈನಲ್ಲಿ ಓಡ್ರಾ ಉಕ್ಕಿ ಊರಿನ ಮೂರನೇ ಒಂದು ಭಾಗದಷ್ಟು ಮುಳುಗಿತ್ತು. ಜನ ಮರಳಿನ ಮೂಟೆ ಹೊತ್ತು, ಪುಸ್ತಕ ಸಾಗಿಸಿ ಊರು ಉಳಿಸಿಕೊಂಡರು. ಪ್ರತಿಮೆ ಅದಕ್ಕಾಗಿ. ಪ್ರವಾಸಿಗರು ನಿಲ್ಲುವುದು ಕಡಿಮೆ. ನೀವು ನಿಲ್ಲಿ.

ಕೊನೆಗೆ ರಿನೆಕ್, ಅಂದರೆ ಚೌಕ. ಬಣ್ಣಬಣ್ಣದ ಮನೆಗಳು, ನಡುವೆ ಗೋಥಿಕ್ ಟೌನ್‌ಹಾಲು. ಕಾಲ ಬುಡದಲ್ಲಿ ಕಂಚಿನ ಕುಳ್ಳರು. ಈಗ ನೂರಾರು ಇದ್ದಾರೆ. ಹುಡುಕುವುದು ಮಕ್ಕಳಾಟ ಅನ್ನಿಸಿದರೂ ಅದರ ಹಿಂದೆ ಕಥೆಯಿದೆ. 1980ರ ದಶಕದಲ್ಲಿ ಸರ್ಕಾರದ ವಿರುದ್ಧ ಗೋಡೆ ಮೇಲೆ ಬರೆದ ಘೋಷಣೆಗಳಿಗೆ ಪೊಲೀಸರು ಬಣ್ಣ ಬಳಿಯುತ್ತಿದ್ದರು. ಆರೆಂಜ್ ಆಲ್ಟರ್ನೇಟಿವ್ ಅನ್ನುವ ಗುಂಪಿನ ಹುಡುಗರು ಆ ಬಣ್ಣದ ಪಟ್ಟಿಯ ಮೇಲೆ ಕುಳ್ಳನ ಚಿತ್ರ ಬರೆದರು. ಕುಳ್ಳನನ್ನು ಬರೆದವರನ್ನು ಯಾವ ಕಾನೂನಿನಲ್ಲಿ ಹಿಡಿಯುತ್ತೀರಿ? ಅದರ ನೆನಪಿಗೆ 2001ರಲ್ಲಿ ಶ್ಫಿದ್ನಿತ್ಸ್ಕಾ ರಸ್ತೆಯಲ್ಲಿ ಮೊದಲ ಕುಳ್ಳ ನಿಂತ. ಅವನನ್ನೊಬ್ಬನನ್ನು ತಪ್ಪದೆ ನೋಡಿ. ಉಳಿದವರನ್ನು ಲೆಕ್ಕ ಹಾಕುತ್ತ ಅರ್ಧ ದಿನ ಕಳೆಯಬೇಡಿ, ಈಚಿನವುಗಳಲ್ಲಿ ಬಹಳಷ್ಟು ಅಂಗಡಿಗಳ ಜಾಹೀರಾತು.

ಒಂದೇ ದಿನ ಇಷ್ಟನ್ನೂ ಮುಗಿಸುವ ಹಟ ಬೇಡ. ಮೊದಲ ದಿನ ಪಾರ್ಕು, ಹಾಲ್, ಪನೋರಮಾ. ಎರಡನೇ ದಿನ ನಡಿಗೆಯಲ್ಲಿ ನಿಲ್ಲದೆ ಬಂದು ಮಾರ್ಕೆಟ್ಟು, ಚೌಕ. ಬಿಸಿಲು ಏರಿದಾಗ ಟ್ರಾಮ್ ಹತ್ತಿ ಟೆಂಟಿಗೆ ಬಂದು ಮಲಗಿ. ರಸ್ತೆ ದಾಟುವಾಗ ಕೆಂಪು ದೀಪ ಇದ್ದರೆ ಗಾಡಿ ಬಾರದಿದ್ದರೂ ನಿಲ್ಲಿ, ದಂಡ ಹಾಕುತ್ತಾರೆ. ಬೀದಿ, ಪಾರ್ಕಿನಲ್ಲಿ ಬಿಯರ್ ಬಿಚ್ಚುವುದಕ್ಕೂ ದಂಡ.

6. ಸಂಜೆ

ಓಸ್ತ್ರುಫ್ ತುಮ್ಸ್ಕಿಯನ್ನು ಹಗಲಲ್ಲಿ ನೋಡಬೇಡಿ, ಸಂಜೆಗೇ ಇಟ್ಟುಕೊಳ್ಳಿ. ಊರು ಹುಟ್ಟಿದ ಜಾಗ ಇದು. ಜೋಡಿ ಗೋಪುರದ ಕೆಥೆಡ್ರಲ್, ಕಲ್ಲು ಹಾಸಿದ ಬೀದಿ. ಇಲ್ಲಿನ ದೀಪಗಳು ಇನ್ನೂ ಗ್ಯಾಸಿನವು, ನೂರರ ಹತ್ತಿರ ಇವೆ. ಕತ್ತಲಾಗುವಾಗ ಕರಿ ನಿಲುವಂಗಿ, ಎತ್ತರದ ಟೋಪಿ ಹಾಕಿದ ಒಬ್ಬ ಮನುಷ್ಯ ಉದ್ದನೆಯ ಕೋಲು ಹಿಡಿದು ಬರುತ್ತಾನೆ. ಕೋಲಿನ ತುದಿಯನ್ನು ದೀಪದ ಒಳಗೆ ತೂರಿಸಿ ತಿರುವಿದರೆ ಸಣ್ಣ ಸದ್ದು, ಆಮೇಲೆ ಹಳದಿ ಬೆಳಕು. ಒಂದಾದ ಮೇಲೊಂದು ಹಚ್ಚುತ್ತ ಬೇಗ ಬೇಗ ನಡೆಯುತ್ತಾನೆ. ಅವನ ಹಿಂದೆ ಹೋಗಬೇಕಾದರೆ ನಿಮ್ಮ ಕಾಲೂ ಚುರುಕಾಗಿರಬೇಕು. ಸೂರ್ಯ ಮುಳುಗುವ ಸಮಯ ನೋಡಿಕೊಂಡು ಸ್ವಲ್ಪ ಮೊದಲೇ ತುಮ್ಸ್ಕಿ ಸೇತುವೆಯ ಹತ್ತಿರ ಇರಿ.

ಇನ್ನೊಂದು ಸಂಜೆ ಸೆಂಟೆನಿಯಲ್ ಹಾಲ್ ಹಿಂದಿನ ಸಂಗೀತ ಕಾರಂಜಿಗೆ. ಅಲ್ಲಿಂದ ಟೆಂಟು ಹತ್ತಿರವೇ. ತಡವಾದರೆ ಊರಿನಿಂದ ನೈಟ್ ಬಸ್ಸುಗಳಿವೆ.

7. ಮಳೆ ಹಿಡಿದರೆ

ಟೆಂಟಿನೊಳಗೆ ಒಲೆ ಹಚ್ಚಬೇಡಿ, ಎಷ್ಟೇ ಚಳಿಯಾಗಲಿ. ಹೊಗೆ ಕಾಣದ ವಿಷಗಾಳಿಯೂ ಕೊಲ್ಲುತ್ತದೆ. ಬ್ರೆಡ್ಡು, ಚಟ್ನಿಪುಡಿ ತಿಂದು ಹೊರಡಿ. ಹೈಡ್ರೊಪೊಲಿಸ್ ಅಂತ ನೀರಿನ ಮ್ಯೂಸಿಯಂ ಇದೆ, 19ನೇ ಶತಮಾನದ ನೆಲದಡಿಯ ನೀರಿನ ತೊಟ್ಟಿಯೊಳಗೆ ಮಾಡಿದ್ದಾರೆ. ವಿಶ್ವವಿದ್ಯಾಲಯದ ಅವುಲಾ ಲಿಯೊಪೊಲ್ದಿನಾ ಸಭಾಂಗಣವೂ ಮಳೆಗೆ ಒಳ್ಳೆಯದು. ತುರ್ತಿಗೆ ಫೋನ್ ನಂಬರ್ 112.

8. ಹೊರಡುವ ದಿನ

ಬೆಳಗಿನ ಇಬ್ಬನಿಗೆ ಟೆಂಟಿನ ಹೊರಪದರ ಒದ್ದೆಯಾಗಿರುತ್ತದೆ. ಮೊದಲು ಅದನ್ನು ಬಿಚ್ಚಿ ಬಿಸಿಲಿಗೆ ಹರಡಿ, ಆಮೇಲೆ ತಿಂಡಿ, ಆಮೇಲೆ ಉಳಿದ ಸಾಮಾನು. ಒದ್ದೆ ಟೆಂಟು ಮಡಿಸಿಟ್ಟರೆ ಎರಡೇ ದಿನಕ್ಕೆ ಮುಗ್ಗಲು ವಾಸನೆ. ಖಾಲಿ ಮಾಡುವ ಸಮಯ ಹಿಂದಿನ ರಾತ್ರಿಯೇ ರಿಸೆಪ್ಷನ್‌ನಲ್ಲಿ ಕೇಳಿಕೊಂಡಿರಿ. ಉಳಿದ ಗ್ಯಾಸ್ ಡಬ್ಬಿಯನ್ನು ಪಕ್ಕದ ಟೆಂಟಿನವರಿಗೆ ಕೊಡಿ, ಖುಷಿಯಿಂದ ತೆಗೆದುಕೊಳ್ಳುತ್ತಾರೆ. ರೈಲು ಸಂಜೆಗಿದ್ದರೆ ಬ್ಯಾಗುಗಳನ್ನು ಮುಖ್ಯ ನಿಲ್ದಾಣದ ಲಾಕರಿನಲ್ಲಿ ಹಾಕಿ. ಬೇಸಿಗೆಯ ಭಾನುವಾರ ದೊಡ್ಡ ಲಾಕರುಗಳು ಬೇಗ ತುಂಬುತ್ತವೆ, ಮಧ್ಯಾಹ್ನಕ್ಕೆ ಮೊದಲೇ ಹೋಗಿ.